ಅಡಿಕೆ ಅಂಗಡಿ ಕೊಳ್ಳುವ ಮೊದಲು ಲೆಕ್ಕ ಓದುವುದು ಹೇಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆ ಅಡಿಕೆ ಅಂಗಡಿ ಮಾರಾಟಕ್ಕಿದೆ ಎಂದರೆ ಎಲ್ಲರೂ ಮೊದಲು ಕೇಳುವುದು "ವರ್ಷಕ್ಕೆ ಎಷ್ಟು ಲಾಭ?" ಅಂತ. ಇಲ್ಲಿನ ಅಂಗಡಿಗಳ ಲೆಕ್ಕ ಬರೆಯುವ ನನಗೆ ಆ ಪ್ರಶ್ನೆ ಸಾಲದು. ಮೂರು ವರ್ಷದ ಲಾಭ-ನಷ್ಟದ ಲೆಕ್ಕ, ಬ್ಯಾಲೆನ್ಸ್ ಶೀಟ್ (ಆಸ್ತಿ-ಸಾಲಗಳ ಪಟ್ಟಿ) ಎರಡನ್ನೂ ಕೇಳಿ. ಮಾರಾಟದ ಮೊತ್ತವನ್ನು ಜಿಎಸ್‌ಟಿ ರಿಟರ್ನ್ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ.

ಒಂದು ಉದಾಹರಣೆ ಹಿಡಿಯೋಣ. ಕಾಗದದಲ್ಲಿ ಲಾಭ 14 ಲಕ್ಷ. ಕಟ್ಟಡ ಯಜಮಾನರದ್ದೇ, ಬಾಡಿಗೆ ಬರೆದಿಲ್ಲ. ಅವರೂ ಮಗನೂ ದಿನವಿಡೀ ದುಡಿಯುತ್ತಾರೆ, ಸಂಬಳ ಬರೆದಿಲ್ಲ. ನೀವು ಕೊಂಡ ಮೇಲೆ ಎರಡೂ ಖರ್ಚೇ ಅಲ್ವಾ? ಬಾಡಿಗೆ 2 ಲಕ್ಷ, ಸಂಬಳ 5 ಲಕ್ಷ ಕಳೆಯಿರಿ. ಉಳಿದದ್ದು 7.

ಇನ್ನು ಸ್ಟಾಕ್. ನಾನು ಜಾಸ್ತಿ ಹೊತ್ತು ಕೂರುವುದು ಇಲ್ಲೇ. ಮಾರ್ಚ್ 31ಕ್ಕೆ 50 ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ), ಕಿಲೋಗೆ 400ರಂತೆ 20 ಲಕ್ಷ ಎಂದು ಬರೆದಿದ್ದಾರೆ ಅನ್ನಿ. ಗೋದಾಮಿಗೆ ಹೋಗಿ. ಮೇಲಿನ ಚೀಲ ಮಾತ್ರ ಅಲ್ಲ, ಅಡಿಯದ್ದನ್ನೂ ಬಿಚ್ಚಿಸಿ, ನಾಲ್ಕು ಅಡಿಕೆ ಒಡೆದು ನೋಡಿ. ಪಟೋರ, ಕರಿಗೋಟಿನಂಥ ಕೆಳದರ್ಜೆಯ ಅಡಿಕೆ ಬೆರೆತಿದ್ದರೆ ಆ ರೇಟು ಸಿಗುವುದಿಲ್ಲ. ಸರಾಸರಿ 40 ರೂಪಾಯಿ ಇಳಿದರೂ 2 ಲಕ್ಷ ಹೋಯಿತು. ಲಾಭದಲ್ಲೂ ಅಷ್ಟೇ ಹೋಯಿತು, ಯಾಕೆಂದರೆ ವರ್ಷದ ಕೊನೆಯ ಸ್ಟಾಕಿಗೆ ಬೆಲೆ ಏರಿಸಿದಷ್ಟೂ ಆ ವರ್ಷದ ಲಾಭ ಏರುತ್ತದೆ. ಕೊಂಡ ಬೆಲೆ, ಮಾರಿದರೆ ಸಿಗುವ ಬೆಲೆ, ಎರಡರಲ್ಲಿ ಕಡಿಮೆಯದ್ದನ್ನೇ ಬರೆಯಬೇಕು. ಹಳೆ ಅಡಿಕೆಗೆ ರೇಟು ಏರಿದ್ದರೂ ಮಾರುವ ಮೊದಲೇ ಆ ಲಾಭ ಬರೆಯುವಂತಿಲ್ಲ.

ಅಡಿಕೆ ಕೊಂಡ ಗುಜರಾತಿನ ವ್ಯಾಪಾರಿಗಳಿಂದ ಬರಬೇಕಾದ ಬಾಕಿಯನ್ನು ತಾರೀಕು ಸಮೇತ ಬರೆಸಿಕೊಳ್ಳಿ. ಆರು ತಿಂಗಳು ದಾಟಿದ್ದನ್ನು ನಾನು ಸೊನ್ನೆ ಎಂದೇ ಹಿಡಿಯುತ್ತೇನೆ.

7ರಲ್ಲಿ ಸ್ಟಾಕಿನ 2 ಕಳೆದು ಈಗ ಲಾಭ 5 ಲಕ್ಷ. ಬ್ಯಾಂಕಿಗೆ ಕಟ್ಟಿದ ಬಡ್ಡಿ 1 ಲಕ್ಷ ವಾಪಸ್ ಕೂಡಿಸಿ, ಸಾಲವನ್ನು ಆಮೇಲೆ ಬೇರೆಯೇ ಕಳೆಯೋಣ. 6 ಲಕ್ಷವಾಯಿತು. ಅಡಿಕೆ ದರದ ಏರಿಳಿತ ನೋಡಿದರೆ ಇಂಥ ವ್ಯಾಪಾರಕ್ಕೆ ಇದರ 4 ಪಟ್ಟಿಗಿಂತ ಜಾಸ್ತಿ ಕೊಡಿ ಎಂದು ನಾನು ಹೇಳುವುದಿಲ್ಲ. 24 ಲಕ್ಷದಲ್ಲಿ ಸಾಲದ 10 ಲಕ್ಷ ಕಳೆದರೆ 14.

ಇನ್ನೊಂದು ಕಡೆಯಿಂದಲೂ ಅಳೆಯಿರಿ. ಸ್ಟಾಕ್ 18, ವಸೂಲಾಗುವ ಬಾಕಿ 8. ಅದರಲ್ಲಿ ಕೃಷಿಕರಿಗೆ 6, ಬ್ಯಾಂಕಿಗೆ 10 ಕೊಡಬೇಕು. ಕೈಗೆ ಸಿಗುವ ಆಸ್ತಿ 10 ಲಕ್ಷ. 14ರಲ್ಲಿ ಉಳಿದ 4 ಲಕ್ಷ ಅಂಗಡಿ ಗಳಿಸಿದ ಒಳ್ಳೆ ಹೆಸರಿಗೆ ಕೊಡುವ ಬೆಲೆ. ಕೃಷಿಕರು ಯಜಮಾನರ ಮುಖ ನೋಡಿ ಅಡಿಕೆ ತರುವವರಾದರೆ ಆ 4 ಲಕ್ಷ ಈಗಲೇ ಕೊಡಬೇಡಿ, ಒಂದು ಸೀಸನ್ ಕಳೆದ ಮೇಲೆ ಕೊಡುವುದಾಗಿ ಕರಾರು ಬರೆಸಿ.