ಗೇರ್ ಆಯಿಲ್‌ಗೆ ನೀರು ಸೇರಿದ್ಯಾ? ಮೊದ್ಲು ಕೆಳಗಿನ ಸ್ಕ್ರೂ ಒಂದನ್ನೇ ಸಡಿಲ ಮಾಡಿ

ಮೇ ಕೊನೆ ಬಂತು ಅಂದ್ರೆ ನಮ್ಮ ಕರಾವಳಿಲಿ ದೋಣಿ ದಡಕ್ಕೆ ಎಳೆದು, ಹಿಂಬದಿಗೆ ಸಿಕ್ಕಿಸೋ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ, ಬಾವಿ ನೀರಲ್ಲಿ ತೊಳೆದು, ಮೇಲೊಂದು ಗೋಣಿ ಹೊದಿಸಿ ಶೆಡ್ಡಲ್ಲಿ ನಿಲ್ಲಿಸಿಬಿಡ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, 10 ಎಚ್‌ಪಿಗಿಂತ ದೊಡ್ಡ ಮೋಟರ್ ಇರೋ ನಾಡದೋಣಿಗೂ ಅದೇ ನಿಯಮ, ಹಾಗಾಗಿ ಎಂಜಿನ್ ಮತ್ತೆ ನೆನಪಾಗೋದು ಆಗಸ್ಟಿಗೇ. ಗೇರ್ ಆಯಿಲ್ ನೋಡೋದೂ ಆಗ್ಲೇ. ಇದು ಉಲ್ಟಾ ಆಯ್ತು ಮಾರಾಯ್ರೆ. ಒಳಗೆ ನೀರು ಸೇರಿದ್ರೆ ಆ ಎರಡು ತಿಂಗಳೂ ಬೇರಿಂಗು, ಗೇರು ಎಲ್ಲ ಉಪ್ಪು ನೀರಲ್ಲಿ ನೆನೀತಾ ಕೂತಿರತ್ತೆ, ನೀವು ಆಗಸ್ಟಲ್ಲಿ ಹೊಸ ಆಯಿಲ್ ಹಾಕೋ ಹೊತ್ತಿಗೆ ತುಕ್ಕು ತನ್ನ ಕೆಲಸ ಮುಗಿಸಿರತ್ತೆ. ನಿಲ್ಲಿಸೋಕೆ ಮೊದ್ಲೇ ನೋಡ್ಬೇಕು.

ನೀರು ಹೇಗೆ ಒಳಗೆ ಹೋಗತ್ತೆ ಅಂತ ಗೊತ್ತಿದ್ರೆ ಎಲ್ಲಿ ಹುಡುಕ್ಬೇಕು ಅನ್ನೋದೂ ಗೊತ್ತಾಗತ್ತೆ. ನೀರಲ್ಲಿ ಮುಳುಗಿರೋ ಕೆಳಗಿನ ಭಾಗ ಇದೆಯಲ್ಲ, ಗೇರ್‌ಕೇಸ್, ಅದು ಓಡುವಾಗ ಬಿಸಿಯಾಗತ್ತೆ, ಒಳಗಿನ ಗಾಳಿ ಹಿಗ್ಗತ್ತೆ. ಎಂಜಿನ್ ಆಫ್ ಮಾಡಿದ್ಮೇಲೆ ಸುತ್ತ ತಣ್ಣನೆ ನೀರು, ಒಳಗಿನ ಗಾಳಿ ಕುಗ್ಗತ್ತೆ, ನೀರು ತಡೆಯೋ ರಬ್ಬರ್ ಬಳೆ, ಅಂದ್ರೆ ಸೀಲ್, ಸವೆದಿದ್ರೆ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ನೀರನ್ನ ಒಳಗೆ ಎಳ್ಕೊಳ್ಳತ್ತೆ. ಅಂದ್ರೆ ಹೊರಗೆ ಆಯಿಲ್ ಒಂದು ತೊಟ್ಟೂ ಸೋರ್ತಾ ಇಲ್ಲ, ಹಾಗಾಗಿ ಸೀಲ್ ಚೆನ್ನಾಗಿದೆ ಅಂತ ಅಂದ್ಕೊಳ್ಳೋದು ತಪ್ಪು.

ಈಗ ಕೆಲಸಕ್ಕೆ ಬರೋಣ. ಬೇಕಾಗಿರೋದು ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರೋ ದೊಡ್ಡ ಸ್ಕ್ರೂಡ್ರೈವರ್, ಒಂದು ತೊಳೆದ ಗಾಜಿನ ಬಾಟ್ಲಿ, ಬಟ್ಟೆ, ಎರಡು ಹೊಸ ವಾಷರ್. ಎಂಜಿನ್‌ನ ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಹಾಗೇ ಬಿಡಿ. ಈ ರಾತ್ರಿ ಬಿಡೋದೇ ಮುಖ್ಯ, ಬಿಸಿ ಎಂಜಿನ್ ಹಿಡಿದು ಕೂಡ್ಲೇ ಆಯಿಲ್ ಬಿಚ್ಚಿದ್ರೆ ಸ್ವಲ್ಪ ನೀರಿದ್ರೂ ಅದು ಆಯಿಲ್ ಜೊತೆ ಕಲಸಿಹೋಗಿರತ್ತೆ, ಕಣ್ಣಿಗೆ ಸಿಗಲ್ಲ. ನೀರು ಆಯಿಲ್‌ಗಿಂತ ಭಾರ, ಹಾಗಾಗಿ ಬೆಳಗಾಗೋದ್ರೊಳಗೆ ಬಿಡಿಯಾಗಿರೋ ನೀರು ತಳಕ್ಕೆ ಇಳಿದು ಕೂತಿರತ್ತೆ. ಬೆಳಿಗ್ಗೆ ಎದ್ದು ಮೊದ್ಲು ಕಿಲ್ ಸ್ವಿಚ್ (ಎಂಜಿನ್ ತಕ್ಷಣ ನಿಲ್ಲಿಸೋ ಸ್ವಿಚ್) ಹಗ್ಗ ತೆಗೀರಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕೂಡ ತೆಗೀರಿ, ಎಂಜಿನ್ ಅಕಸ್ಮಾತ್ ಸ್ಟಾರ್ಟ್ ಆಗ್ಬಾರ್ದು, ಫ್ಯಾನ್ (ಪ್ರೊಪೆಲ್ಲರ್) ಹತ್ರ ಕೈ ಹಾಕ್ತೀವಿ ಅಲ್ವಾ.

ಗೇರ್‌ಕೇಸಲ್ಲಿ ಎರಡು ಸ್ಕ್ರೂ ಇರತ್ತೆ. ಕೆಳಗಿಂದು ಆಯಿಲ್ ಬಿಡೋಕೆ, ತುಂಬೋಕೆ. ಮೇಲಿಂದು ಗಾಳಿಗೆ, ಲೆವೆಲ್ ನೋಡೋಕೆ. ಕೆಲವು ಹಳೇ ಎಂಜಿನ್‌ಗಳಲ್ಲಿ ಕೆಳಗಿನ ಸ್ಕ್ರೂ ಹತ್ರಾನೇ ನಕ್ಷತ್ರದ ತಲೆಯ ಇನ್ನೊಂದು ಸ್ಕ್ರೂ ಇರತ್ತೆ, ಅದು ಒಳಗಿನ ಗೇರ್ ಶಿಫ್ಟ್ ಹಿಡ್ಕೊಂಡಿರೋದು, ಅದನ್ನ ಬಿಚ್ಚಿದ್ರೆ ಇಡೀ ಗೇರ್‌ಕೇಸೇ ಬಿಚ್ಬೇಕಾದೀತು, ಮುಟ್ಟಬೇಡಿ.

ಮೇಲಿನ ಸ್ಕ್ರೂ ಮುಟ್ಟದೇ ಕೆಳಗಿಂದನ್ನ ಮಾತ್ರ ಒಂದೆರಡು ಸುತ್ತು ಸಡಿಲ ಮಾಡಿ, ಪೂರ್ತಿ ತೆಗೀಬೇಡಿ. ಮೇಲೆ ಮುಚ್ಚಿರೋದ್ರಿಂದ ಆಯಿಲ್ ಬುಳುಬುಳು ಸುರಿಯಲ್ಲ, ನಾಲ್ಕೈದು ಹನಿ ಇಳಿಯತ್ತೆ, ಅದನ್ನ ಬಾಟ್ಲಿಗೆ ಹಿಡೀರಿ. ಆ ಮೊದಲ ಹನಿಗಳೇ ಎಲ್ಲ ಹೇಳತ್ತೆ. ಬರೀ ಆಯಿಲ್ ಬಂತಾ, ಸದ್ಯಕ್ಕೆ ಬಚಾವ್. ಮೊದ್ಲು ನೀರು ಬಂದು ಆಮೇಲೆ ಆಯಿಲ್ ಬಂತಾ, ಒಳಗೆ ನೀರಿದೆ. ನಮ್ಮಲ್ಲಿ ಸುಮಾರು ಜನ ಎರಡೂ ಸ್ಕ್ರೂ ಒಟ್ಟಿಗೆ ಬಿಚ್ಚಿ ಬಕೆಟ್‌ಗೆ ಸುರಿದು ಆಮೇಲೆ ಬಣ್ಣ ನೋಡ್ತಾರೆ, ಅಷ್ಟರಲ್ಲಿ ಆ ಎರಡು ಚಮಚ ನೀರು ಎಲ್ಲಿ ಹೋಯ್ತೋ ಯಾರಿಗೆ ಗೊತ್ತು.

ಆಮೇಲೆ ಮೇಲಿನ ಸ್ಕ್ರೂನೂ ತೆಗೆದು ಪೂರ್ತಿ ಆಯಿಲ್ ಬಾಟ್ಲಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿ. ಕಪ್ಪಾಗಿದ್ರೆ, ಸುಟ್ಟ ವಾಸನೆ ಬಂದ್ರೆ ಅದು ಹಳೇ ಆಯಿಲ್, ಬದಲಾಯಿಸೋದು ತಡ ಆಗಿದೆ ಅಷ್ಟೆ. ಹಾಲು ಜಾಸ್ತಿಯಾದ ಕಾಫಿ ಥರ ಕಾಣ್ತಿದ್ರೆ ನೀರು ಕಲಸಿಹೋಗಿದೆ. ಇಲ್ಲೊಂದು ಮೋಸ ಇದೆ, ಆಗಷ್ಟೇ ಓಡಿಸಿದ ಎಂಜಿನ್ ಆದ್ರೆ ಸಣ್ಣ ಗಾಳಿಗುಳ್ಳೆಯಿಂದಾನೂ ಆಯಿಲ್ ಬೆಳ್ಳಗೆ ಕಾಣತ್ತೆ. ಬಾಟ್ಲಿ ಒಂದೆರಡು ಗಂಟೆ ಅಲ್ಲಾಡಿಸದೇ ಇಡಿ, ಗಾಳಿಯಾದ್ರೆ ತಿಳಿಯಾಗತ್ತೆ, ನೀರಾದ್ರೆ ಹಾಗೇ ಇರತ್ತೆ ಇಲ್ಲಾ ತಳದಲ್ಲಿ ಬೇರೆ ಪದರ ಕಟ್ಟತ್ತೆ.

ಇನ್ನೂ ಅನುಮಾನ ಇದ್ರೆ ಒಂದು ಹಳೇ ತಗಡನ್ನ ಹೊರಗೆ ಬಯಲಲ್ಲಿ ಚೆನ್ನಾಗಿ ಕಾಯಿಸಿ (ದೋಸೆ ಕಾವಲಿ ಬೇಡ, ಮನೆಗೆ ಸೇರಿಸಲ್ಲ ಆಮೇಲೆ) ಅದರ ಮೇಲೆ ಒಂದೇ ಹನಿ ಆಯಿಲ್ ಬಿಡಿ. ನೀರಿದ್ರೆ ಒಗ್ಗರಣೆಲಿ ಸಾಸಿವೆ ಸಿಡಿದ ಹಾಗೆ ಚಟಚಟ ಅನ್ನತ್ತೆ, ಶುದ್ಧ ಆಯಿಲ್ ಸದ್ದಿಲ್ಲದೇ ಹರಡ್ಕೊಳ್ಳತ್ತೆ. ದೂರ ನಿಂತು ಮಾಡಿ, ಕಣ್ಣಿಗೆ ಕನ್ನಡಕ ಇರ್ಲಿ.

ಸ್ಕ್ರೂ ತುದಿಲಿ ಮ್ಯಾಗ್ನೆಟ್ ಇದ್ರೆ ಅದನ್ನೂ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾಮೂಲಿ ಸವೆತ. ಬೆರಳಿಗೆ ಚುಚ್ಚೋ ಚೂರು ಸಿಕ್ರೆ ಗೇರ್ ಹಲ್ಲು ಹೋಗ್ತಾ ಇದೆ ಅಂತ ಅರ್ಥ, ಮೆಕ್ಯಾನಿಕ್ ಹತ್ರ ಹೋಗಿ.

ನೀರು ಸಿಕ್ತು ಅಂದ್ಕೊಳ್ಳಿ. ಮೊದಲ ಆರೋಪಿ ಸ್ಕ್ರೂ ವಾಷರ್. ಸಣ್ಣ ವಸ್ತು ಅಂತ ಹಳೇದನ್ನೇ ತಿರುಗಿಸಿ ಹಾಕ್ತೀವಿ, ನಾನೂ ಒಂದ್ಸಲ ಹಾಗೇ ಮಾಡಿ ಪೂರಾ ಸೀಸನ್ ಸೀಲ್‌ನ ಬೈಕೊಂಡು ಓಡಾಡಿದೀನಿ. ಎರಡನೇದು ಫ್ಯಾನ್ ಹಿಂದಿನ ಶಾಫ್ಟ್ ಸೀಲ್. ನಮ್ಮ ಅಳಿವೆಗಳಲ್ಲಿ ತುಂಡು ಬಲೆ, ತಂಗೂಸು ನೂಲು ತೇಲ್ತಾನೇ ಇರತ್ತೆ, ಅದು ಶಾಫ್ಟಿಗೆ ಸುತ್ತಿ ಬಿಸಿಗೆ ಕರಗಿ ಸೀಲ್‌ನ ಕೊಯ್ದುಬಿಡತ್ತೆ. ಫ್ಯಾನ್ ಬಿಚ್ಚಿ ನೋಡಿ, ನೂಲಿದ್ರೆ ಪಿನ್ನಿಂದ ಬಿಡಿಸಿ ತೆಗೀರಿ, ಚಾಕು ಹಾಕಿ ಕೆರೀಬೇಡಿ. ಮೂರನೇದು ಮೇಲೆ ವಾಟರ್ ಪಂಪ್ ಕೆಳಗಿರೋ ಡ್ರೈವ್‌ಶಾಫ್ಟ್ ಸೀಲ್, ಗೇರ್ ರಾಡ್ ಸೀಲ್, ಇವು ಮನೆಲಿ ಕಾಣಲ್ಲ. ಮೆಕ್ಯಾನಿಕ್ ಗೇರ್‌ಕೇಸ್ ಖಾಲಿ ಮಾಡಿ ಗಾಳಿ ತುಂಬಿ, ಸೋಪು ನೀರು ಹಚ್ಚಿ ಗುಳ್ಳೆ ಬರೋ ಜಾಗ ಹುಡುಕ್ತಾರೆ. ಆ ಒತ್ತಡ ಮ್ಯಾನ್ಯುವಲ್‌ನಲ್ಲಿ ಹೇಳಿದಷ್ಟೇ ಇರ್ಬೇಕು, ಪಂಕ್ಚರ್ ಅಂಗಡಿ ಕಂಪ್ರೆಸರ್‌ನಿಂದ ಹೊಡೆಸಿದ್ರೆ ಒಳ್ಳೇ ಸೀಲ್‌ಗಳೂ ಹಾರಿಹೋಗತ್ತೆ.

ಹೊಸ ಆಯಿಲ್ ಹಾಕೋಕೆ ಮೊದ್ಲು ಒಳಗೆ ಉಳಿದ ನೀರು ಹೋಗ್ಬೇಕು, ಅದಕ್ಕೆ ಒಂದ್ಸಲ ತೊಳೆಯೋಕೆ ಅಂತಾನೇ ಆಯಿಲ್ ತುಂಬಿ, ಎಂಜಿನ್‌ನ ಡ್ರಮ್ ನೀರಲ್ಲಿ ಇಟ್ಟು ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಬೆಳ್ಳಗೆ ಬರೋದು ನಿಲ್ಲೋವರೆಗೂ ಹೀಗೇ ಮಾಡಿ. ಸಣ್ಣ ಎಂಜಿನ್‌ಗಳಿಗೆ ಅರ್ಧ ಲೀಟರೂ ಬೇಕಾಗಲ್ಲ, ಜಿಪುಣತನ ಬೇಡ. ಸಾಮಾನ್ಯವಾಗಿ 90 ನಂಬರ್ ಗೇರ್ ಆಯಿಲ್ ನಡೆಯತ್ತೆ, ಆದ್ರೂ ಮ್ಯಾನ್ಯುವಲ್ ನೋಡ್ಕೊಳ್ಳಿ. ಕೆಳಗಿನ ತೂತಿಂದಾನೇ ಪಂಪ್ ಅಥವಾ ಟ್ಯೂಬಲ್ಲಿ ತುಂಬ್ಬೇಕು, ಮೇಲಿಂದ ಹಾಕಿದ್ರೆ ಒಳಗೆ ಗಾಳಿ ಸಿಕ್ಕಿ ಹಾಕ್ಕೊಂಡು ಅರ್ಧಕ್ಕೇ ತುಂಬಿದ ಹಾಗೆ ಕಾಣತ್ತೆ. ಮೇಲಿನ ತೂತಲ್ಲಿ ಗುಳ್ಳೆ ನಿಂತು ಬರೀ ಆಯಿಲ್ ಬಂತಾ, ಮೊದ್ಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಟ್ಯೂಬ್ ತೆಗೆದು ಬೇಗ ಕೆಳಗಿಂದು. ಹೊಸ ವಾಷರ್ ಮರೀಬೇಡಿ.

ಮಳೆಗಾಲದಲ್ಲೂ ಓಡೋ ಸಣ್ಣ ಮೋಟರ್ ಆದ್ರೆ ಐದ್ಹತ್ತು ಗಂಟೆ ಓಡಿದ ಮೇಲೆ, ಮತ್ತೆ ಒಂದು ರಾತ್ರಿ ಬಿಟ್ಟು, ಆ ನಾಲ್ಕು ಹನಿ ಇನ್ನೊಂದ್ಸಲ ನೋಡಿ. ಮತ್ತೆ ನೀರು ಬಂದ್ರೆ ಸೀಲ್ ಬದಲಾಯಿಸೋವರೆಗೆ ನೀರಿಗೆ ಇಳಿಸಬೇಡಿ. ತೆಗೆದ ಹಳೇ ಆಯಿಲ್‌ನ ಹೊಳೆಗೆ ಚೆಲ್ಲದೆ ಗ್ಯಾರೇಜಲ್ಲಿ ಹಳೇ ಆಯಿಲ್ ತುಂಬಿಡೋ ಡ್ರಮ್ಮಿಗೆ ಕೊಡಿ, ಆದ್ರೆ ಒಂದು ಸಣ್ಣ ಬಾಟ್ಲಿಲಿ ಸ್ವಲ್ಪ ತೆಗೆದು ಮೇಲೆ ತಾರೀಕು ಬರೆದು ಇಟ್ಕೊಳ್ಳಿ, ಮೆಕ್ಯಾನಿಕ್‌ಗೆ ಬಾಯಲ್ಲಿ ವಿವರಿಸೋದಕ್ಕಿಂತ ಅದನ್ನ ತೋರಿಸೋದು ಸುಲಭ.