ಗುರುವಾರದ ಗಣಿತ ಗುಂಪು: ನೋಟ್‌ಬುಕ್ಕಿನ ಒಂದು ಪುಟದಿಂದ ನಡೆದ ಚರ್ಚೆಗಳು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುವವರಿಗೆ ಒಂದು ಬಗೆಯ ಒಂಟಿತನವಿದೆ. ಆರರಿಂದ ಎಂಟನೆಯ ತರಗತಿಯವರೆಗೆ ಗಣಿತ ನೋಡಿಕೊಳ್ಳುವವರು ಬಹುತೇಕ ಶಾಲೆಗಳಲ್ಲಿ ಒಬ್ಬರೇ ಇರುತ್ತಾರೆ. ಹಾಜರಾತಿ, ಬಿಸಿಯೂಟ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಮುಂತಾದ ವಿಷಯಗಳನ್ನು ಸಹೋದ್ಯೋಗಿಗಳೊಂದಿಗೆ ಎಷ್ಟು ಬೇಕಾದರೂ ಮಾತನಾಡಬಹುದು. ಆದರೆ ದಶಮಾಂಶದ ಪಾಠದಲ್ಲಿ ಅರ್ಧ ತರಗತಿ ಒಂದೇ ತಪ್ಪನ್ನು ಏಕೆ ಮಾಡುತ್ತಿದೆ ಎಂದು ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸುತ್ತಮುತ್ತಲಿನ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ಹುಟ್ಟಿದ್ದೇ ಇಂಥ ಮಾತುಕತೆಗಾಗಿ. ಆದರೆ ಸುತ್ತೋಲೆ ಓದುವುದರಲ್ಲಿ, ಅಂಕಿ ಅಂಶ ತುಂಬಿ ಕೊಡುವುದರಲ್ಲಿ ಅದರ ಹೆಚ್ಚಿನ ಹೊತ್ತು ಕಳೆದುಹೋಗುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳಲು ಹಿರಿಯೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಕೆಲವು ಗೆಳೆಯರೊಂದಿಗೆ ನಾನು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಣ್ಣ ಗುಂಪು ಕಟ್ಟಿದೆ. ಅದು ಹೇಗೆ ನಡೆಯುತ್ತಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವುದು ನಮ್ಮ ರಾಜ್ಯಕ್ಕೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಕಲಿ (ಚಿಕ್ಕ ತರಗತಿಯ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಆರಂಭವಾದಾಗ ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ತಾವೇ ಕುಳಿತು ಕಾರ್ಡುಗಳನ್ನು ಬರೆದರು, ತರಗತಿಯಲ್ಲಿ ಬಳಸಿ ನೋಡಿದರು, ತಿದ್ದಿದರು. ಅದು 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸುವ ಹೊತ್ತಿಗೆ, ಆ ಬರೆದು ತಿದ್ದುವ ಕೆಲಸ ಎಷ್ಟೋ ಕಡೆ ಮರೆಯಾಗಿ, ಅಚ್ಚಾದ ಕಾರ್ಡುಗಳು ಮಾತ್ರ ಶಾಲೆಗೆ ತಲುಪಿದವು ಎಂಬುದು ನನ್ನ ಅಭಿಪ್ರಾಯ. ಪ್ರೌಢಶಾಲೆಗಳ ಮಟ್ಟದಲ್ಲಿ 2011ರಿಂದ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಹಾಗೂ ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆ, ಅದರಿಂದ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಇವೆರಡೂ ನಮಗೆ ದಾರಿ ತೋರಿಸಿದವು. ಶಿಕ್ಷಕರು ಕನ್ನಡದಲ್ಲಿಯೇ ತಮ್ಮ ವಿಷಯದ ಬಗ್ಗೆ ಪರಸ್ಪರ ಬರೆದುಕೊಳ್ಳಬಲ್ಲರು ಎಂಬ ಧೈರ್ಯ ನನಗೆ ಬಂದದ್ದು ಅವುಗಳಿಂದಲೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಪ್ರತಿಯೊಬ್ಬ ಶಿಕ್ಷಕರ ಫೋನಿನಲ್ಲೂ ಗುಂಪುಗಳು ಹೆಚ್ಚಿದವು. ಅವುಗಳಲ್ಲಿ ಬರುತ್ತಿದ್ದುದು ಹೆಚ್ಚಾಗಿ ಪಿಡಿಎಫ್: ವಾರ್ಷಿಕ ಪಾಠ ಯೋಜನೆ, ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ಅಂಕಪಟ್ಟಿಯ ನಮೂನೆ, ನಡುನಡುವೆ ವರ್ಗಾವಣೆಯ ವೇಳಾಪಟ್ಟಿ, ಹಬ್ಬದ ಶುಭಾಶಯ. ಇವೂ ಬೇಕಾದವುಗಳೇ; ನಾನೂ ಇಳಿಸಿಕೊಂಡಿದ್ದೇನೆ, ಇನ್ನೊಬ್ಬರಿಗೆ ಕಳುಹಿಸಿದ್ದೇನೆ. ಆದರೆ ಕಡತವೊಂದು ಇನ್ನೂರು ಫೋನುಗಳಿಗೆ ಹೋದರೂ ಅದನ್ನು ಬರೆದವರ ತರಗತಿಯಲ್ಲಿ ಏನು ನಡೆಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಪಾಠ ಯೋಜನೆಯಲ್ಲಿ ‘ಮಕ್ಕಳು ಚಟುವಟಿಕೆಯಲ್ಲಿ ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆದಿರುತ್ತದೆ. ಎಂಟನೆಯ ಬೆಂಚಿನ ಹುಡುಗ ಏನು ಮಾಡಿದ ಎಂಬುದು ಅದರಲ್ಲಿ ಇರುವುದಿಲ್ಲ.

ಆದ್ದರಿಂದ ನಮ್ಮ ಗುಂಪಿನಲ್ಲಿ ಕಡತಗಳನ್ನು ಹಾಕಬಾರದು ಎಂದು ತೀರ್ಮಾನಿಸಿದೆವು. ವಾರಕ್ಕೊಬ್ಬರು ತಮ್ಮ ತರಗತಿಯ ಒಂದು ಮಗುವಿನ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಹಾಕಬೇಕು. ಆ ಪುಟದಲ್ಲಿ ಒಂದು ತಪ್ಪು ಉತ್ತರವಿರಬೇಕು. ಅದರ ಬಗ್ಗೆ ಮಗುವನ್ನು ಕೇಳಿದಾಗ ಅದು ಕೊಟ್ಟ ವಿವರಣೆಯನ್ನು ಮಗುವಿನ ಮಾತಿನಲ್ಲಿಯೇ ಬರೆಯಬೇಕು. ಗುರುವಾರ ಉಳಿದವರು ಅದರ ಬಗ್ಗೆ ಮಾತನಾಡುತ್ತಾರೆ. ಪುಟ ಹಾಕಿದವರು ಮುಂದಿನ ವಾರದೊಳಗೆ ಸಲಹೆಗಳಲ್ಲಿ ಒಂದನ್ನಾದರೂ ತರಗತಿಯಲ್ಲಿ ಮಾಡಿ ನೋಡಿ, ‘ಮರುದಿನ ಏನಾಯಿತು’ ಎಂಬ ತಲೆಬರಹದಲ್ಲಿ ಫಲಿತಾಂಶ ತಿಳಿಸಬೇಕು. ಗುಂಪಿನ ಬೆಲೆಯೆಲ್ಲ ಈ ಕೊನೆಯ ಷರತ್ತಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಐದನೆಯ ತರಗತಿಯ ಹುಡುಗಿಯೊಬ್ಬಳು 503ರಲ್ಲಿ 278ನ್ನು ಕಳೆದು 375 ಎಂದು ಬರೆದಿದ್ದಳು. ಶಿಕ್ಷಕಿ ಕೇಳಿದಾಗ, “ಮೂರರಲ್ಲಿ ಎಂಟು ಹೋಗಲ್ಲ ಮಿಸ್, ಅದಕ್ಕೆ ಎಂಟರಲ್ಲಿ ಮೂರು ಕಳೆದೆ. ಸೊನ್ನೇಲಿ ಏಳು ಹೋಗಲ್ಲ, ಅದಕ್ಕೆ ಏಳನ್ನೇ ಬರೆದೆ” ಎಂದಳಂತೆ. ಗುಂಪಿನ ಮೊದಲ ಪ್ರತಿಕ್ರಿಯೆಗಳು ನಿರೀಕ್ಷಿತವೇ ಆಗಿದ್ದವು: ಮಗುವಿಗೆ ಪಕ್ಕದ ಮನೆಯಿಂದ (ಹತ್ತರ, ನೂರರ ಸ್ಥಾನದಿಂದ) ಸಾಲ ತರುವುದು ಗೊತ್ತಿಲ್ಲ, ಇನ್ನಷ್ಟು ಲೆಕ್ಕ ಕೊಡಿ ಎಂದು. ಆಗ ಹಿರಿಯ ಮೇಷ್ಟ್ರೊಬ್ಬರು, ಆ ಹುಡುಗಿ ಮನಸ್ಸಿಗೆ ಬಂದಂತೆ ಬರೆದಿಲ್ಲ, ಮೂರೂ ಮನೆಗಳಲ್ಲಿ ಒಂದೇ ನಿಯಮವನ್ನು ಶಿಸ್ತಾಗಿ ಪಾಲಿಸಿದ್ದಾಳೆ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕು ಎಂಬುದೇ ಆ ನಿಯಮ, ಒಂದು ಮತ್ತು ಎರಡನೆಯ ತರಗತಿಯಲ್ಲಿ ನಾವೇ ಅದನ್ನು ಬಾಯಿಪಾಠ ಮಾಡಿಸಿರುತ್ತೇವೆ ಎಂದು ತೋರಿಸಿಕೊಟ್ಟರು. ಇದು ನಮ್ಮ ಮಕ್ಕಳಿಗೆ ಮಾತ್ರ ಸೀಮಿತವಾದ ತಪ್ಪೂ ಅಲ್ಲ. ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯವಕಲನದ ಇಂಥ ‘ಶಿಸ್ತಿನ ತಪ್ಪು’ಗಳನ್ನು ವಿಂಗಡಿಸಿ ತೋರಿಸಿದ್ದಾರೆ.

ಸಲಹೆಗಳು ಮೂರು ಬಂದವು. 375ಕ್ಕೆ 278ನ್ನು ಕೂಡಿಸಿ ನೋಡಲು ಹೇಳಿದರೆ 653 ಬರುತ್ತದೆ, ಆಗ ಎಲ್ಲೋ ತಪ್ಪಿದೆ ಎಂಬುದು ಮಗುವಿಗೇ ಕಾಣುತ್ತದೆ ಎಂದು ಒಬ್ಬರು ಬರೆದರು. ಅಂಗಡಿಯವರು ಚಿಲ್ಲರೆ ಕೊಡುವ ರೀತಿಯಲ್ಲಿ 278ರಿಂದ 280, ಅಲ್ಲಿಂದ 300, ಅಲ್ಲಿಂದ 503 ಎಂದು ಮೇಲಕ್ಕೆ ಎಣಿಸಿ, 2, 20, 203 ಇವನ್ನು ಕೂಡಿಸಿ 225 ಪಡೆಯಲಿ ಎಂದು ಇನ್ನೊಬ್ಬರು ಸೂಚಿಸಿದರು. ಮೂರನೆಯವರದು ಆಟದ ನೋಟುಗಳ ಸಲಹೆ: ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಕೊಟ್ಟು 278 ರೂಪಾಯಿ ಕೇಳಬೇಕು, ನೂರರ ಒಂದು ನೋಟನ್ನು ಹತ್ತರ ಹತ್ತು ನೋಟುಗಳಾಗಿ, ಅದರಲ್ಲಿ ಒಂದನ್ನು ಹತ್ತು ನಾಣ್ಯಗಳಾಗಿ ಮುರಿಸದೆ ಹಣ ಕೊಡಲು ಬರುವುದಿಲ್ಲ.

ಶಿಕ್ಷಕಿ ನೋಟುಗಳನ್ನು ಆಯ್ದುಕೊಂಡರು. ಅವರ ‘ಮರುದಿನ ಏನಾಯಿತು’ ನಮ್ಮೆಲ್ಲರ ಕಣ್ಣು ತೆರೆಸಿತು. ಹುಡುಗಿ ನೋಟು ಮುರಿಸಿ, ಎಣಿಸಿ, ಕೈಯಲ್ಲಿ 225 ಉಳಿಯಿತೆಂದು ಸರಿಯಾಗಿ ಹೇಳಿದಳು. ಅದೇ ಲೆಕ್ಕವನ್ನು ಪುಸ್ತಕದಲ್ಲಿ ಮಾಡು ಎಂದಾಗ ಮತ್ತೆ 375 ಎಂದೇ ಬರೆದಳು. ಎರಡು ಉತ್ತರ ಬೇರೆಯಾಗಿವೆಯಲ್ಲ ಎಂದು ಕೇಳಿದರೆ, “ಅದು ದುಡ್ಡಿನ ಲೆಕ್ಕ, ಇದು ಬರೆಯೋ ಲೆಕ್ಕ” ಎಂದಳು. ಕಲಿಕೋಪಕರಣ ಬಳಸಿದರೆ ಪರಿಕಲ್ಪನೆ ತಾನಾಗಿ ಮೂಡುತ್ತದೆ ಎಂದು ತರಬೇತಿಗಳಲ್ಲಿ ಕೇಳುತ್ತಲೇ ಬಂದಿದ್ದ ನಮಗೆ ಆ ಒಂದು ಸಾಲು ಸಾಕಾಯಿತು. ಮುಂದಿನ ವಾರ ಹಲವರು ತಮ್ಮ ತರಗತಿಗಳಲ್ಲಿ ಬೇರೆ ರೀತಿ ಮಾಡಿದರು: ಒಂದು ನೋಟು ಮುರಿದ ಕೂಡಲೇ ನಿಲ್ಲಿಸಿ, ಅದನ್ನು ಪುಸ್ತಕದಲ್ಲಿ ನೂರರ ಮನೆಯ 5ನ್ನು ಹೊಡೆದು 4 ಎಂದೂ, ಹತ್ತರ ಮನೆಯಲ್ಲಿ 10 ಎಂದೂ ಬರೆಯಿಸಿ, ಆಮೇಲೆ ಮುಂದಿನ ನೋಟು ಮುರಿಯಲು ಬಿಟ್ಟರು. ಕೈ ಮತ್ತು ಪೆನ್ಸಿಲು ಹೆಜ್ಜೆ ಹೆಜ್ಜೆಗೂ ಜೊತೆಯಾಗಿ ಹೋದಾಗ ಹೆಚ್ಚಿನ ಮಕ್ಕಳಿಗೆ ಎರಡೂ ಒಂದೇ ಲೆಕ್ಕವೆಂದು ಹೊಳೆಯಿತು ಎಂದು ವರದಿಗಳು ಬಂದವು.

ಒಬ್ಬರ ತರಗತಿಯಲ್ಲಿ ಫಲಿಸಿದ್ದು ಇನ್ನೊಬ್ಬರಲ್ಲಿ ಹಾಗೆಯೇ ಫಲಿಸುವುದಿಲ್ಲ ಎಂಬುದನ್ನು ದಶಮಾಂಶದ ಚರ್ಚೆ ಸ್ಪಷ್ಟಪಡಿಸಿತು. ಹೈನುಗಾರಿಕೆ ಇರುವ ಊರಿನ ಶಿಕ್ಷಕರೊಬ್ಬರು ಮಕ್ಕಳು ಮನೆಯಿಂದ ತಂದ ಡೇರಿ ಚೀಟಿಗಳಿಂದ ಪಾಠ ಮಾಡಿದ್ದರು. ಹಾಲಿನ ಫ್ಯಾಟ್ (ಕೊಬ್ಬಿನಂಶ) 3.9 ಬಂದರೆ ದರ ಕಡಿಮೆ, 4.1 ಬಂದರೆ ಹೆಚ್ಚು ಎಂಬುದು ಆ ಮಕ್ಕಳಿಗೆ ಅಪ್ಪ ಅಮ್ಮಂದಿರ ಮಾತಿನಿಂದಲೇ ಗೊತ್ತು. ಪಾಠ ಸೊಗಸಾಗಿ ನಡೆಯಿತು. ಗುಂಪಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಮೆಚ್ಚುಗೆಯ ನಡುವೆ ಒಬ್ಬ ಮೇಡಂ, “ಸರ್, 3.9 ಮತ್ತು 3.12ರಲ್ಲಿ ಯಾವುದು ದೊಡ್ಡದೆಂದು ಕೇಳಿ ನೋಡಿದ್ದೀರಾ?” ಎಂದು ಬರೆದರು. ಮರುದಿನ ಕೇಳಿದಾಗ ತರಗತಿಯ ದೊಡ್ಡ ಭಾಗ 3.12 ಎಂದಿತು, ಏಕೆಂದರೆ ಒಂಬತ್ತಕ್ಕಿಂತ ಹನ್ನೆರಡು ದೊಡ್ಡದು. ಡೇರಿ ಚೀಟಿಯಲ್ಲಿ ಫ್ಯಾಟ್‌ಗೆ ಬಿಂದುವಿನ ನಂತರ ಒಂದೇ ಅಂಕಿ ಇರುವುದರಿಂದ ಪೂರ್ಣಸಂಖ್ಯೆಯಂತೆ ಓದಿದರೂ ಉತ್ತರ ಸರಿಯಾಗಿಯೇ ಬರುತ್ತದೆ, ತಪ್ಪು ತಿಳಿವಳಿಕೆ ಹೊರಗೆ ಕಾಣಿಸುವುದೇ ಇಲ್ಲ. ರೂಪಾಯಿ ಪೈಸೆಯ ಉದಾಹರಣೆಯಲ್ಲೂ ಇದೇ ಕಥೆ: ಅಲ್ಲಿ ಯಾವಾಗಲೂ ಎರಡು ಅಂಕಿ. ಮೇಲಾಗಿ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ ಅಂತ್ಯಕ್ಕೇ ನಿಂತಿದೆ, ಇಂದಿನ ಐದನೆಯ ತರಗತಿಯ ಮಗು ಪೈಸೆಯನ್ನು ಕಂಡೇ ಇಲ್ಲ.

ಆ ಶಿಕ್ಷಕರು ಕಾರಿಡಾರಿನ ನೆಲದ ಮೇಲೆ 3ರಿಂದ 4ರವರೆಗೆ ಉದ್ದನೆಯ ಗೆರೆ ಎಳೆದು ಹತ್ತು ಭಾಗ ಮಾಡಿ, ಒಂದೊಂದು ಭಾಗವನ್ನು ಮತ್ತೆ ಹತ್ತಾಗಿ ಸೀಮೆಸುಣ್ಣದಲ್ಲಿ ಗುರುತಿಸಿ, 3.12ರ ಜಾಗದಲ್ಲಿ ಹೋಗಿ ನಿಲ್ಲಲು ಮಕ್ಕಳಿಗೆ ಹೇಳಿದರು. 3.1ನ್ನು ದಾಟಿ ಎರಡೇ ಗೆರೆ ಮುಂದೆ ನಿಂತ ಹುಡುಗ ದೂರದಲ್ಲಿ 3.9ರ ಮೇಲೆ ನಿಂತ ಗೆಳತಿಯನ್ನು ನೋಡಿದಾಗ ಬೇರೆ ವಿವರಣೆ ಬೇಕಾಗಲಿಲ್ಲ. ಡೇರಿ ಇಲ್ಲದ ಊರಿನವರು ದರ್ಜಿಯ ಟೇಪಿನಿಂದ ಇದನ್ನೇ ಮಾಡಿದರು. ಇಬ್ಬರು ಶಿಕ್ಷಕರ ಏಕಕೊಠಡಿಯಂಥ ಶಾಲೆಯಲ್ಲಿ ಇದು ಆಗಲೇ ಇಲ್ಲ. ಇನ್ನೆರಡು ತರಗತಿಗಳನ್ನು ಬಿಟ್ಟು ಕಾರಿಡಾರಿಗೆ ಹೋಗುವುದು ಹೇಗೆ ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಒಳ್ಳೆಯ ಉತ್ತರವಿರಲಿಲ್ಲ, ಅದನ್ನೂ ಹಾಗೆಯೇ ದಾಖಲಿಸಿದ್ದೇವೆ.

ದಾಖಲೆಯ ವಿಷಯ ಬಂದದ್ದರಿಂದ ಕೆಲವು ತಾಂತ್ರಿಕ ಮಾತುಗಳು. ಚರ್ಚೆಗೆ ಮೊದಲು ಇಟ್ಟಿದ್ದ ಸಂಜೆ ಏಳರ ಸಮಯ ಅಡುಗೆಯ ಹೊತ್ತಾದ್ದರಿಂದ ಶಿಕ್ಷಕಿಯರು ಮೌನವಾಗಿರುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಬದಲಿಸಿ, ಧ್ವನಿ ಸಂದೇಶಕ್ಕೂ ಅವಕಾಶ ಕೊಟ್ಟ ಮೇಲೆ ಅತ್ಯಂತ ಸೂಕ್ಷ್ಮವಾದ ಮಾತುಗಳು ಅವರಿಂದಲೇ ಬಂದವು. ಆದರೆ ಧ್ವನಿ ಸಂದೇಶವನ್ನು ಆರು ತಿಂಗಳ ನಂತರ ಹುಡುಕಿ ತೆಗೆಯಲು ಆಗುವುದಿಲ್ಲ. ಆದ್ದರಿಂದ ವಾರದ ಹೊಣೆ ಹೊತ್ತವರು ಚರ್ಚೆಯ ಸಾರವನ್ನು ಗೂಗಲ್ ಡಾಕ್ಸ್‌ನಲ್ಲಿ ಒಂದು ಪುಟದಷ್ಟು ಬರೆಯುತ್ತಾರೆ: ತರಗತಿ, ಲೆಕ್ಕ, ಮಗು ಹೇಳಿದ್ದು, ಶಿಕ್ಷಕರು ಮಾಡಿದ್ದು, ಮರುದಿನ ಆದದ್ದು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿದ ಕಡತ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಎಲ್ಲ ಫೋನುಗಳಲ್ಲೂ ಓದಲು ಬರುವ ಯುನಿಕೋಡ್ ಅಕ್ಷರ ಕಡ್ಡಾಯ. ಟೈಪಿಂಗ್ ಕಷ್ಟವೆನ್ನುವವರು ಫೋನಿನ ಕೀಲಿಮಣೆಗೆ ಕನ್ನಡದಲ್ಲಿ ಮಾತನಾಡಿ ಬರೆಯಿಸಿ, ಆಮೇಲೆ ತಿದ್ದುತ್ತಾರೆ. ವಾಟ್ಸ್‌ಆ್ಯಪ್ ಈಗ 1024 ಜನರನ್ನು ಸೇರಿಸಲು ಬಿಡುತ್ತದೆ. ನಾವು ಬೇಕೆಂದೇ ಗುಂಪನ್ನು ಚಿಕ್ಕದಾಗಿಟ್ಟಿದ್ದೇವೆ, ಏಕೆಂದರೆ ಮುಖ ಪರಿಚಯವಿಲ್ಲದ ನೂರಾರು ಜನರ ಮುಂದೆ ತನ್ನ ತರಗತಿಯ ತಪ್ಪನ್ನು ಹರಡಿಡಲು ಯಾರೂ ಒಪ್ಪುವುದಿಲ್ಲ.

ಮಕ್ಕಳ ಗುರುತಿನ ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ. ಮುಖದ ಫೋಟೊ ಇಲ್ಲ, ವಿಡಿಯೊ ಇಲ್ಲ. ನೋಟ್‌ಬುಕ್ಕಿನ ಪುಟ ತೆಗೆಯುವಾಗ ಹೆಸರಿನ ಮೇಲೆ ಡಸ್ಟರ್ ಇಟ್ಟು ಫೋಟೊ ತೆಗೆಯುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆಯ ಮಾತನ್ನಾಡುತ್ತದೆ. ಕಾಯ್ದೆ ಇರದಿದ್ದರೂ ಒಂದು ಮಗುವಿನ ತಪ್ಪು ಉತ್ತರ ಅದರ ಹೆಸರಿನೊಂದಿಗೆ ಊರೂರು ಸುತ್ತುವುದು ಸರಿಯಲ್ಲ.

ಇನ್ನು ಅಧಿಕಾರಿಗಳ ಪ್ರಶ್ನೆ. ಗುಂಪಿನಲ್ಲಿ ಮೇಲಧಿಕಾರಿ ಇದ್ದಾರೆಂದರೆ ಎಲ್ಲರ ತರಗತಿಯ ಎಲ್ಲ ಮಕ್ಕಳೂ ದಿಢೀರನೆ ಜಾಣರಾಗಿಬಿಡುತ್ತಾರೆ. ಹಾಗಾಗಿ ತರಗತಿಯಲ್ಲಿ ಪಾಠ ಮಾಡುವವರಿಗಷ್ಟೇ ಸದಸ್ಯತ್ವ. ಇದರಿಂದ ಆರಂಭದಲ್ಲಿ ಸ್ವಲ್ಪ ಮುನಿಸು ಬಂದದ್ದುಂಟು. ಆದರೆ ನಮ್ಮ ಕ್ಲಸ್ಟರಿನ ಸಿಆರ್‌ಪಿಯವರು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ವ್ಯವಕಲನದ ದಾಖಲೆಯನ್ನು ಓದಿ, ಇದನ್ನು ಸಮಾಲೋಚನಾ ಸಭೆಯಲ್ಲಿ ಇಡಬಹುದೇ ಎಂದು ಕೇಳಿದರು. ಶಾಲೆಯ ಹೆಸರಾಗಲಿ ಶಿಕ್ಷಕಿಯ ಹೆಸರಾಗಲಿ ಬರಬಾರದು, ಸಭೆಯ ಕೊನೆಯ ಹತ್ತು ನಿಮಿಷಕ್ಕೆ ತಳ್ಳದೆ ಮೊದಲಿಗೇ ತೆಗೆದುಕೊಳ್ಳಬೇಕು ಎಂಬ ಎರಡು ಷರತ್ತುಗಳ ಮೇಲೆ ಒಪ್ಪಿದೆವು. ಅಂದು ಸುತ್ತೋಲೆಗಳು ಮಧ್ಯಾಹ್ನದ ಊಟದ ನಂತರಕ್ಕೆ ಹೋದವು, ಬೆಳಗಿನ ಹೊತ್ತು ಕಪ್ಪುಹಲಗೆಯ ಮೇಲೆ 503 ಮತ್ತು 278 ಇದ್ದವು. ಎಂದೂ ಗುಂಪಿಗೆ ಸೇರದ, ಕೀಪ್ಯಾಡ್ ಫೋನು ಬಳಸುವ ಇಬ್ಬರು ಹಿರಿಯ ಶಿಕ್ಷಕರು ಎದ್ದು ಬಂದು ತಾವು ಕಂಡ ಬೇರೆ ತಪ್ಪುಗಳನ್ನು ಅದರ ಪಕ್ಕದಲ್ಲಿ ಬರೆದರು. ಅವರ ತರಗತಿಯ ಮಕ್ಕಳ ನೋಟ್‌ಬುಕ್ ಪುಟಗಳನ್ನು ಈಗ ಸಿಆರ್‌ಪಿಯವರೇ ಫೋಟೊ ತೆಗೆದು ನನಗೆ ಕಳುಹಿಸುತ್ತಾರೆ, ನಾನು ಗುರುವಾರದ ಸರದಿಗೆ ಸೇರಿಸುತ್ತೇನೆ.