ಚಿನ್ನಿಯ ಬಟ್ಟಲಿಗೆ ನೀರಿನ ಕಾವಲು

ನಮ್ಮ ಬೆಕ್ಕು ಚಿನ್ನಿ ಒಂದೇ ಸಲ ಹೊಟ್ಟೆ ತುಂಬ ತಿನ್ನುವವಳಲ್ಲ. ನಾಲ್ಕು ತುತ್ತು ತಿಂದು ಹೋಗಿ ಮಲಗುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತಾಳೆ. ಹೆಚ್ಚಿನ ಬೆಕ್ಕುಗಳು ಹೀಗೇ ಅಲ್ವಾ? ಹಾಗಾಗಿ ಬಟ್ಟಲಲ್ಲಿ ಯಾವಾಗಲೂ ಏನಾದರೂ ಉಳಿದಿರುತ್ತದೆ.

ಸಾಗರದ ನಮ್ಮ ಮನೆಗೆ ಮಳೆ ಹಿಡಿಯುವ ಹೊತ್ತಿಗೆ ಇರುವೆಗಳು ಒಳಗೆ ಬರಲು ಶುರು. ಬೇಯಿಸಿದ ಬಂಗುಡೆಗೆ ಅನ್ನ ಕಲಸಿ ಇಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಸಾಲು ಕಟ್ಟಿರುತ್ತಿದ್ದವು. ಚಿನ್ನಿ ಮೂತಿ ಇಟ್ಟ ಕೂಡಲೇ ಕೆಂಪಿರುವೆ ಮೂಗಿಗೆ ಕಚ್ಚುತ್ತಿತ್ತು. ತಲೆ ಕೊಡವಿ ಹಿಂದೆ ಸರಿಯುತ್ತಿದ್ದಳು. ಎರಡು ದಿನ ಹೀಗಾದ ಮೇಲೆ ಬಟ್ಟಲ ಹತ್ತಿರ ಬರುವುದನ್ನೇ ಬಿಟ್ಟಳು. ಹಸಿದು ಅಡುಗೆಮನೆ ಬಾಗಿಲಲ್ಲಿ ಕೂತು ಕೂಗುವಾಗ ನನಗೆ ತುಂಬ ಸಂಕಟವಾಗುತ್ತಿತ್ತು.

ಆಗ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಅಂಗಡಿಯಿಂದ ಇರುವೆ ಚಾಕ್ ತಂದು ಬಟ್ಟಲ ಸುತ್ತ ಗೆರೆ ಎಳೆದೆ. ಇರುವೆ ನಿಂತವು. ಆದರೆ ಸಂಜೆ ಹೊತ್ತಿಗೆ ಚಿನ್ನಿ ಜೊಲ್ಲು ಸುರಿಸುತ್ತಿದ್ದಳು, ಮೈ ನಡುಗುತ್ತಿತ್ತು. ಬಟ್ಟೆಯಲ್ಲಿ ಸುತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. "ಮೇಡಂ, ಆ ಪುಡಿ ಕಾಲಿಗೆ ಅಂಟುತ್ತೆ, ಬೆಕ್ಕು ಕಾಲು ನೆಕ್ಕದೆ ಇರಲ್ಲ," ಅಂದರು. ಇಂಥ ಚಾಕ್‌ಗಳಲ್ಲಿ ಪೈರೆಥ್ರಾಯ್ಡ್ ಜಾತಿಯ ವಿಷ ಇರುತ್ತದಂತೆ. ನಾಯಿಯ ಲಿವರ್ ಅದನ್ನು ಸುಮಾರಾಗಿ ಒಡೆದು ಹೊರಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ತುಂಬ ಕಡಿಮೆ. ಔಷಧಿ ಕೊಟ್ಟರು, ಉಗುರುಬೆಚ್ಚಗಿನ ನೀರಲ್ಲಿ ಕಾಲು, ಹೊಟ್ಟೆ ತೊಳೆಸಿದರು. ಎರಡನೇ ದಿನ ಸರಿಹೋದಳು. ಅವತ್ತಿನಿಂದ ಚಾಕ್, ಸ್ಪ್ರೇ, ಫಿನಾಯಿಲ್, ನುಸಿಗುಳಿಗೆ ಯಾವುದನ್ನೂ ಅವಳು ಓಡಾಡುವ ಕಡೆ ಇಟ್ಟಿಲ್ಲ. ದಯವಿಟ್ಟು ನೀವೂ ಇಡಬೇಡಿ.

ಉಪಾಯ ನೆನಪಾಗಿದ್ದು ಅಜ್ಜಿಯಿಂದ. ತುಪ್ಪದ ಪಾತ್ರೆಯನ್ನು ಅವಳು ನೀರು ಹಾಕಿದ ತಟ್ಟೆಯ ನಡುವೆ ಇಡುತ್ತಿದ್ದಳು. ನಾನೂ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ನೀರು ತುಂಬಿ ಚಿನ್ನಿಯ ಬಟ್ಟಲನ್ನು ನಡುವೆ ಇಟ್ಟೆ. ಒಂದು ದಿನ ಚೆನ್ನಾಗಿ ನಡೆಯಿತು. ಮರುದಿನ ಬೆಳಿಗ್ಗೆ ನೋಡಿದರೆ ಇರುವೆಗಳು ಮತ್ತೆ ಬಟ್ಟಲಲ್ಲಿವೆ!

ಕೂತು ಗಮನಿಸಿದೆ. ಚಿನ್ನಿ ತಿನ್ನುವಾಗ ಒಣ ಆಹಾರದ ಕಾಳುಗಳು ನೀರಿಗೆ ಬಿದ್ದು, ಊದಿ, ಒಂದಕ್ಕೊಂದು ಅಂಟಿ ಸೇತುವೆಯಾಗಿದ್ದವು. ನೀರಿನ ಮೇಲೆ ಧೂಳು, ಅವಳ ಕೂದಲು. ಸಣ್ಣ ಇರುವೆಗಳಂತೂ ಎಷ್ಟು ಹಗುರ ಎಂದರೆ ನೀರಿನ ಮೇಲ್ಮೈಯೇ ಅವನ್ನು ಹೊರುತ್ತದೆ. ಧೂಳು ಕೂತ ನೀರಿನ ಮೇಲೆ ಸಲೀಸಾಗಿ ದಾಟುತ್ತಿದ್ದವು. ಪಾತ್ರೆ ತೊಳೆಯುವ ಸೋಪು ಒಂದು ಹನಿ ಬಿಟ್ಟರೆ ಆ ಮೇಲ್ಮೈಯ ಬಿಗಿ ಹೋಗುತ್ತದೆ, ಇರುವೆ ಮುಳುಗುತ್ತದೆ. ಆದರೆ ಚಿನ್ನಿ ಅದೇ ನೀರನ್ನು ಕುಡಿಯುತ್ತಿದ್ದಳು. ಸೋಪು ಹೇಗೆ ಹಾಕಲಿ?

ಹಾಗಾಗಿ ಅಳತೆಗಳನ್ನೇ ತಿರುಗಿಸಿದೆ. ನೀರಿನ ತಟ್ಟೆ ಚಿಕ್ಕದು, ಊಟದ ತಟ್ಟೆ ದೊಡ್ಡದು. ಹೂಕುಂಡದ ಕೆಳಗಿಡುವ 18 ಸೆಂಟಿಮೀಟರ್ ಅಗಲದ ತಟ್ಟೆ ತೆಗೆದುಕೊಂಡೆ. ಅದರ ನಡುವೆ ಮರಳು ತುಂಬಿದ ಗಟ್ಟಿ ಸ್ಟೀಲ್ ಬಟ್ಟಲು ಇಟ್ಟೆ. 22 ಸೆಂಟಿಮೀಟರ್ ಅಗಲದ ಭಾರದ ಪಿಂಗಾಣಿ ತಟ್ಟೆಯನ್ನು ಆ ಬಟ್ಟಲಿನ ಬಾಯಿಗೆ ಎಂ-ಸೀಲ್ (ಒಣಗಿದರೆ ಗಟ್ಟಿಯಾಗುವ ಅಂಟು) ಹಚ್ಚಿ ಕೂರಿಸಿ, ಒಂದು ದಿನ ಒಣಗಲು ಬಿಟ್ಟೆ. ಮೇಲಿನ ತಟ್ಟೆಯ ತಳಕ್ಕೂ ಕೆಳಗಿನ ತಟ್ಟೆಯ ಅಂಚಿಗೂ ಎರಡು ಬೆರಳಷ್ಟು ಜಾಗ ಇರಬೇಕು. ಎಲ್ಲಾದರೂ ತಾಗಿದರೆ ಅಲ್ಲೇ ದಾರಿಯಾಗುತ್ತದೆ. ಈಗ ಕಾಳು ಚೆಲ್ಲಿದರೂ ನೆಲಕ್ಕೆ ಬೀಳುತ್ತದೆ, ನೀರಿಗಲ್ಲ. ನೀರಿಗೆ ಚಿನ್ನಿಯ ಮೂತಿ ತೂರುವುದಿಲ್ಲ. ಆದ್ದರಿಂದ ಧೈರ್ಯವಾಗಿ ಒಂದೇ ಒಂದು ಹನಿ ಸೋಪು ಹಾಕುತ್ತೇನೆ.

ಹಳೆಯ ಸಾಲಿನ ಜಾಗವನ್ನು ಸುಮ್ನೆ ಗುಡಿಸಿದರೆ ಸಾಲದು. ಇರುವೆ ನಡೆದ ದಾರಿಯಲ್ಲಿ ವಾಸನೆ ಬಿಟ್ಟಿರುತ್ತದೆ, ಹಿಂದೆ ಬರುವ ಇರುವೆಗಳು ಅದನ್ನೇ ಹಿಡಿದು ನಡೆಯುತ್ತವೆ. ಸೋಪು ನೀರಲ್ಲಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿದೆ. ಗೋಡೆಯಿಂದಲೂ ಒಂದು ಗೇಣು ದೂರ ಇಟ್ಟೆ. ಒಮ್ಮೆ ಒರಗಿಸಿಟ್ಟ ಪೊರಕೆಯ ಕಡ್ಡಿ ತಟ್ಟೆಗೆ ತಾಗಿತ್ತು, ಅಷ್ಟರಿಂದಲೇ ಸಾಲು ಹತ್ತಿತ್ತು.

ಮೊದಲೆರಡು ದಿನ ಇರುವೆಗಳು ಕೆಳಗಿನ ತಟ್ಟೆಯ ಅಂಚಿನಲ್ಲಿ ಸುತ್ತಾಡಿದವು. ಮೂರನೇ ದಿನ ಬರಲಿಲ್ಲ. ಚಿನ್ನಿ ಮಾತ್ರ ಇನ್ನೂ ಹೆದರಿದ್ದಳು. ಒಂದು ತುಂಡು ಬಂಗುಡೆ ಕೈಯಲ್ಲಿ ಹಿಡಿದು ತಟ್ಟೆಯ ಹತ್ತಿರ ಕರೆದೆ. ಮೂಸಿದಳು, ಮೂಗು ಎಳೆದುಕೊಂಡಳು, ಮತ್ತೆ ಮೂಸಿದಳು. ಆಮೇಲೆ ಪೂರ್ತಿ ತಿಂದಳು.

ನೀರನ್ನು ದಿನ ಬಿಟ್ಟು ದಿನ ಚೆಲ್ಲಿ ಹೊಸದು ಹಾಕುತ್ತೇನೆ, ಸೊಳ್ಳೆ ಮರಿ ಮಾಡಬಾರದಲ್ಲ. ಮೀನು ಹಾಕಿದ ದಿನ ಅರ್ಧ ಗಂಟೆ ನೋಡಿ ಉಳಿದದ್ದನ್ನು ತೆಗೆದುಬಿಡುತ್ತೇನೆ. ರಾತ್ರಿಯಿಡೀ ತಟ್ಟೆಯಲ್ಲಿ ಇರುವುದು ಒಣ ಆಹಾರ ಮಾತ್ರ.